ಚಿಲಕ ಎತ್ತುವ ಸದ್ದು

"ಒಳಂಗಿಯಲ್ಲಿ ಏನೋ ಗಟ್ಟಿಯಾಗಿದೆಯಲ್ಲ," ಎಂದು ಸ್ಕ್ಯಾನಿಂಗ್ ಕೋಣೆಯ ನರ್ಸ್ ಹೇಳಿದಾಗ ನೆವೆನಾ ಎರಡೂ ಕೈಗಳಿಂದ ಎದೆಯನ್ನು ಮುಚ್ಚಿಕೊಂಡಳು.

ಕೂದಲಿನ ಕ್ಲಿಪ್ಪು ತೆಗೆಸಿಯಾಗಿತ್ತು, ಕಿವಿಯ ಸಣ್ಣ ಓಲೆಗಳನ್ನು ಬಿಚ್ಚಿಸಿಯಾಗಿತ್ತು. ಒಳಗಿರುವುದು ಭಾರಿ ಅಯಸ್ಕಾಂತ, ಒಂದು ಗುಂಡುಸೂಜಿಯೂ ಮೈಮೇಲೆ ಇರಬಾರದು ಎಂದು ನರ್ಸ್ ಹೇಳಿ ಹೇಳಿ ಸುಸ್ತಾಗಿದ್ದಳು. ರೊಸಿತ್ಸಾ ಮಗಳ ಕೈ ಸರಿಸಿ ಒಳಂಗಿಯನ್ನು ತಿರುವಿ ನೋಡಿದಳು. ಕಂಕುಳ ಹೊಲಿಗೆಯ ಪಕ್ಕದಲ್ಲಿ ಒಂದು ಪುಟ್ಟ ಬಟ್ಟೆಯ ಚೀಲವನ್ನು ಕೆಂಪು ದಾರದಿಂದ ಹೊಲಿದಿದ್ದರು. ಹಲ್ಲಿನಿಂದ ದಾರ ಕಡಿದು ಬಿಚ್ಚಿದರೆ ಅಂಗೈಗೆ ಬಿದ್ದದ್ದು ಒಂದು ಬೂದು ಬಣ್ಣದ ಸೀಸದ ತುಂಡು. ಹೃದಯದ ಆಕಾರ ಎಂದರೆ ಹೌದು, ಅಲ್ಲ ಎಂದರೆ ಅಲ್ಲ.

ಅದೇನೆಂದು ರೊಸಿತ್ಸಾಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಚಿಕ್ಕವಳಿದ್ದಾಗ ನಾಯಿ ಅಟ್ಟಿಸಿಕೊಂಡು ಬಂದು ಅವಳ ಮಾತೇ ನಿಂತುಹೋಗಿತ್ತು. ಆಗ ಅವಳ ತಲೆಗೂ ಕೆಂಪು ಬಟ್ಟೆ ಹೊದಿಸಿ, ಮೇಲೆ ನೀರಿನ ಬೋಗುಣಿ ಹಿಡಿದು, ಊರಿನ ಮುದುಕಿಯೊಬ್ಬಳು ಕರಗಿದ ಸೀಸ ಹುಯ್ದಿದ್ದಳು. ಚುಂಯ್ ಎಂದು ಸದ್ದಾಗುತ್ತದೆ. ನೀರಿನಲ್ಲಿ ಸೀಸ ಯಾವ ಆಕಾರದಲ್ಲಿ ಗಟ್ಟಿಯಾಗುತ್ತದೋ ಮಗು ಹೆದರಿದ್ದು ಅದಕ್ಕೆ. ಮತ್ತೆ ಮತ್ತೆ ಹುಯ್ದು ಕೊನೆಗೆ ಹೃದಯದಂಥ ತುಂಡು ಸಿಕ್ಕರೆ ಹೆದರಿಕೆ ಇಳಿಯಿತು ಎಂದು ಅರ್ಥ. ಆ ತುಂಡನ್ನು ಮಗುವಿನ ಬಟ್ಟೆಗೆ ಹೊಲಿಯುತ್ತಾರೆ. ರೊಸಿತ್ಸಾಳಿಗೆ ಆಮೇಲೆ ಮಾತು ಬಂದಿತ್ತು. ಸೀಸದಿಂದ ಬಂತೋ, ಸುಮ್ಮನೆ ಬಂತೋ, ಆ ವಯಸ್ಸಿನಲ್ಲಿ ಯಾರು ಕೇಳುತ್ತಾರೆ.

ಅವಳ ತಾಯಿ ಪೇನಾ ಹೊರಗೆ ಬೆಂಚಿನ ಮೇಲೆ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಕೂತಿದ್ದ ಅಪರಿಚಿತ ಹೆಂಗಸಿಗೆ ತನ್ನ ಕೋಳಿಗಳ ಕಷ್ಟ ಹೇಳಿಕೊಳ್ಳುತ್ತಿದ್ದಳು. ಚಳಿಗಾಲ ಕಳೆದಾಗಿನಿಂದ ಅವು ಹಗಲಲ್ಲೇ ತೂಕಡಿಸುತ್ತವೆ, ಮೊಟ್ಟೆ ಅಪರೂಪ, ಹುಂಜ ಕೂಡ ಬೆಳಗಾದ ಮೇಲೆ ನೆನಪಿಸಿಕೊಂಡು ಕೂಗುತ್ತದೆ. ಮಗಳು ಬಂದು ಅಂಗೈ ಚಾಚಿದಾಗ ಮುದುಕಿ ಮಾತು ನಿಲ್ಲಿಸಿದಳು.

"ಅಮ್ಮ, ಏನಿದು?"

"ಸೀಸ."

"ಸೀಸ ಅಂತ ನಂಗೂ ಗೊತ್ತು."

"ಗೊತ್ತಿದ್ಮೇಲೆ ಯಾಕೆ ಕೇಳ್ತೀಯ?"

ಕೋಪ ಬಂದರೂ ರೊಸಿತ್ಸಾ ನುಂಗಿಕೊಂಡಳು. ಒಳಗೆ ಮಗಳನ್ನು ಮಲಗಿಸುವ ಹೊತ್ತಾಗಿತ್ತು. ರೊಸಿತ್ಸಾ ಇಟಲಿಯ ಮೊದೆನಾದಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬಳನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗಿ ನಾಲ್ಕು ವರ್ಷವಾಗಿತ್ತು. ಬೇಸಿಗೆಗೊಮ್ಮೆ ಎರಡು ವಾರ ಬಂದು ಹೋಗುತ್ತಿದ್ದವಳು ಈ ಪರೀಕ್ಷೆಗಾಗಿಯೇ ಸೆಪ್ಟೆಂಬರಿನಲ್ಲಿ ಬಂದಿದ್ದಳು. ಅವಳ ಜಾಗದಲ್ಲಿ ಈಗ ಊರಿನ ಗಿಂಕಾ ಇದ್ದಳು. ಅಂಥ ಕೆಲಸಗಳನ್ನು ಊರಿನ ಹೆಂಗಸರು ಹಾಗೆಯೇ ನಡೆಸುತ್ತಾರೆ, ಒಬ್ಬಳು ಬಂದರೆ ಇನ್ನೊಬ್ಬಳು ಹೋಗುತ್ತಾಳೆ. ಆದರೆ ಹೇಳಿದ ಗುರುವಾರದ ಬಸ್ಸಿಗೆ ವಾಪಸು ಹೋಗದಿದ್ದರೆ ಮಂಚದ ಪಕ್ಕದ ಆ ಕುರ್ಚಿ ಗಿಂಕಾಳದೇ ಆಗುತ್ತದೆ. ಗಂಡ ಎನ್ನಿಸಿಕೊಂಡವನು ಲಾರಿ ಓಡಿಸುತ್ತ ಪೋರ್ಚುಗಲ್ಲಿನ ಕಡೆ ಹೋದವನು ಹೋದಲ್ಲೇ ಉಳಿದಿದ್ದ. ಆದ್ದರಿಂದ ಆ ಕುರ್ಚಿ ಅವಳಿಗೆ ಸಣ್ಣ ವಿಷಯವಾಗಿರಲಿಲ್ಲ.

ಯಂತ್ರದೊಳಗೆ ನೆವೆನಾ ಅಲುಗಾಡದೆ ಮಲಗಿದ್ದಳು. ಏನನ್ನೂ ಮಾಡಬೇಕಾಗಿಲ್ಲ, ಏನನ್ನೂ ಯೋಚಿಸಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು ಎಂದು ಅವಳಿಗೆ ಹೇಳಿದ್ದರು. ಒಂಬತ್ತು ವರ್ಷದ ಮಗುವಿಗೆ ಅದಕ್ಕಿಂತ ಕಷ್ಟದ ಕೆಲಸ ಯಾವುದಿದೆ? ಆದರೂ ಅವಳು ಅದನ್ನು ಸರಾಗವಾಗಿ ಮಾಡಿದಳು. ಕಾಯುತ್ತ ಕೂರುವುದು ಅವಳಿಗೆ ಅಭ್ಯಾಸವಾಗಿತ್ತು.

ಡಾಕ್ಟರ್ ಮಿಲೆವಾ ಮಕ್ಕಳ ಮೂರ್ಛೆಗಷ್ಟೇ ಚಿಕಿತ್ಸೆ ಕೊಡುವವರು. ಊಟಕ್ಕೆ ಬಿಡುವಿಲ್ಲದೆ ಕಂಪ್ಯೂಟರಿನ ಮುಂದೆಯೇ ಚೀಸ್ ತುಂಬಿದ ಬಾನಿತ್ಸಾ ರೊಟ್ಟಿ ತಿನ್ನುತ್ತಿದ್ದರು. ಚೀಸಿನ ಚೂರುಗಳು ಕೀಲಿಮಣೆಯ ಮೇಲೆ ಉದುರುತ್ತಿದ್ದವು. ಅಜ್ಜಿ, ತಾಯಿ ಇಬ್ಬರನ್ನೂ ಕೂರಿಸಿಕೊಂಡು ಪರೀಕ್ಷೆ ಏಕೆ ಎಂದು ಇನ್ನೊಮ್ಮೆ ಹೇಳಿದರು.

"ಸುಮ್ನೆ ಮಲಗಿದ್ರೂ ತಲೆ ಸುಮ್ನಿರಲ್ಲ. ಒಂದು ಮೂಲೆ ಇನ್ನೊಂದು ಮೂಲೆ ಜೊತೆ ಮಾತಾಡ್ತಾನೇ ಇರುತ್ತೆ. ಯಾವುದು ಯಾವುದರ ಜೊತೆ ಅಂತ ಇದರಲ್ಲಿ ಕಾಣುತ್ತೆ. ಫಿಟ್ಸ್ ಬರೋ ಮಕ್ಕಳಲ್ಲಿ ಕೆಲವು ಮೂಲೆಗಳು ಬೇಕಾದ್ದಕ್ಕಿಂತ ಜಾಸ್ತಿ ಸಲಿಗೆ ಬೆಳೆಸ್ಕೊಂಡಿರ್ತವೆ."

ಎರಡು ಔಷಧಗಳು ಸೋತಿದ್ದವು. ಸಲಿಗೆ ಒಂದೇ ಮೂಲೆಯಲ್ಲಿ ಶುರುವಾಗುತ್ತಿದ್ದರೆ ತಲೆ ತೆರೆದು ಆ ಚಿಕ್ಕ ಜಾಗವನ್ನು ತೆಗೆದುಹಾಕುವ ಬಗ್ಗೆ ಯೋಚಿಸಬಹುದು. ಆದರೆ ಅದಕ್ಕೂ ಮೊದಲು ಒಂದು ತೊಡಕಿದೆ ಎಂದು ಡಾಕ್ಟರ್ ಕೈ ಒರೆಸಿಕೊಂಡರು. ನಿನ್ನೆ ತೆಗೆದ ರಕ್ತದಲ್ಲಿ ಮಾತ್ರೆ ಇರಬೇಕಾದ ಅರ್ಧದಷ್ಟೂ ಇಲ್ಲ. ಒಂದೋ ಮಗುವಿನ ಮೈ ಅದನ್ನು ಬೇಗ ಕರಗಿಸಿಬಿಡುತ್ತಿದೆ, ಹಾಗಿದ್ದರೆ ಆ ಔಷಧದಿಂದ ಉಪಯೋಗವಿಲ್ಲ, ಉಳಿದದ್ದು ಶಸ್ತ್ರಚಿಕಿತ್ಸೆಯೇ. ಇಲ್ಲವೇ ಮಾತ್ರೆ ಹೊಟ್ಟೆಗೆ ಹೋಗುತ್ತಿಲ್ಲ.

"ಅಜ್ಜಿ, ನೀವು ಬೇಜಾರ್ ಮಾಡ್ಕೋಬೇಡಿ. ಯಾವತ್ತಾದ್ರೂ ಮರೆತಿದ್ದುಂಟಾ?"

"ಒಂದು ದಿನಾನೂ ತಪ್ಪಿಸಿಲ್ಲ. ಬೆಳಿಗ್ಗೆ ಒಂದು, ಸಾಯಂಕಾಲ ಒಂದು. ಒಂದ್ ಚಮಚ ಕ್ವಿನ್ಸ್ ಹಣ್ಣಿನ ಜಾಮ್ ಮೇಲಿಟ್ಟು ಬಾಯಿಗೇ ಹಾಕ್ತೀನಿ."

ರೊಸಿತ್ಸಾ ಮುಷ್ಟಿಯಲ್ಲಿ ಸೀಸದ ತುಂಡನ್ನು ಇನ್ನೂ ಹಿಡಿದುಕೊಂಡಿದ್ದಳು. ಬೆಳಗಿನಿಂದ ನುಂಗಿದ್ದೆಲ್ಲ ಒಮ್ಮೆಗೇ ಹೊರಗೆ ಬಂತು.

"ಸೀಸ ಹೊಲಿಯೋಕೆ ನೆನಪಿರುತ್ತೆ ನಿಂಗೆ. ಮಾತ್ರೆ ಕೊಡೋಕೆ ಮಾತ್ರ ಇರಲ್ಲ. ಮಗೂನ ನಿನ್ ಕೈಗೆ ಕೊಟ್ಟು ಹೋದ್ನಲ್ಲ, ನಂದೇ ತಪ್ಪು."

ಪೇನಾ ತಲೆಯ ಬಟ್ಟೆಯ ಗಂಟನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿಕೊಂಡಳು. ಡಾಕ್ಟರಿಗೆ ಕೈಕುಲುಕಿ, ವಾರ್ಡಿಗೆ ಹೋಗಿ ಮೊಮ್ಮಗಳ ಹಣೆಗೆ ಮುತ್ತಿಟ್ಟು, ಮಧ್ಯಾಹ್ನದ ರೈಲಿಗೆ ಊರಿಗೆ ಹೊರಟುಹೋದಳು. ಮಗಳ ಕಡೆ ತಿರುಗಿಯೂ ನೋಡಲಿಲ್ಲ. ಕೈಚೀಲದಿಂದ ಸೂಪಿನ ಡಬ್ಬಿಯನ್ನು ತೆಗೆದು ಮೇಜಿನ ಮೇಲಿಡುವುದನ್ನು ಮಾತ್ರ ಮರೆಯಲಿಲ್ಲ.

ಮುಂದಿನ ದಿನಗಳಲ್ಲಿ ಮಾತ್ರೆಯನ್ನು ನರ್ಸ್ ತಾನೇ ಕೊಟ್ಟು, ನಾಲಿಗೆ ಎತ್ತಿಸಿ ನೋಡಿ, ಆಮೇಲೆ ಹೋಗುತ್ತಿದ್ದಳು. ಒಂದು ಸಲವೂ ಮೂರ್ಛೆ ಬರಲಿಲ್ಲ. ರೊಸಿತ್ಸಾಳಿಗೆ ತನ್ನ ಅನುಮಾನ ನಿಜವಾಯಿತೆಂದು ಕಹಿಯಾದ ಸಮಾಧಾನವಾಯಿತು. ಮಗಳಿಗೆ ಮಾತ್ರ ಯಾವ ಸಮಾಧಾನವೂ ಇದ್ದಂತೆ ಕಾಣಲಿಲ್ಲ. ಊಟ ಸೇರದು, ಬಣ್ಣದ ಪೆನ್ಸಿಲು ಬೇಡ, ತಾಯಿ ಹೆಣೆದ ಜಡೆಯನ್ನು ಬಿಚ್ಚಿಕೊಂಡು ಕೂರುತ್ತಾಳೆ. ಮಂಚದ ಮೇಲೆ ವಾರ್ಡಿನ ಬಾಗಿಲಿಗೆ ಎದುರಾಗಿ ಕೂತು ಅದನ್ನೇ ನೋಡುತ್ತಾಳೆ. ಯಾರು ಬಂದರೂ ಒಮ್ಮೆ ಕತ್ತೆತ್ತಿ ನೋಡಿ ಮತ್ತೆ ಇಳಿಸುತ್ತಾಳೆ. ಅಜ್ಜಿಯನ್ನು ಕಾಯುತ್ತಿರಬೇಕು ಎಂದುಕೊಂಡ ರೊಸಿತ್ಸಾಳಿಗೆ ಹೊಟ್ಟೆಕಿಚ್ಚಾಯಿತು. ನಾಲ್ಕು ವರ್ಷ ಹೆಚ್ಚಾಗಿ ಭಾನುವಾರಗಳಂದು ಫೋನಿನ ಗಾಜಿನಲ್ಲಿ ನೋಡಿದ ಮುಖ ಇದು. ಆ ಮುಖವನ್ನು ನೆನೆದು ಮೊದೆನಾದ ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟು ಅತ್ತಿದ್ದಳು. ಈಗ ಅದು ಕೈಗೆಟುಕುವಷ್ಟು ಹತ್ತಿರ ಇದೆ, ಆದರೆ ಬಾಗಿಲ ಕಡೆಗೆ ತಿರುಗಿದೆ.

ಡಾಕ್ಟರ್ ಮಿಲೆವಾ ಚಿತ್ರವನ್ನೂ ತೋರಿಸಿದರು. ಮಿದುಳಿನ ತುಂಬ ಚುಕ್ಕೆಗಳು, ಚುಕ್ಕೆಯಿಂದ ಚುಕ್ಕೆಗೆ ಗೆರೆಗಳು. ಹೆಚ್ಚಿನವು ಕೂದಲೆಳೆಯಷ್ಟು ತೆಳು. ಬಲಗಿವಿಯ ಮೇಲುಗಡೆ ಮಾತ್ರ ಕೆಲವು ದಪ್ಪ ಗೆರೆಗಳು ಒಂದೇ ಕಡೆ ಕೂಡಿಕೊಂಡಿದ್ದವು. ಇಲ್ಲೇ ಶುರುವಾಗುತ್ತದೆ ಅನ್ನಿಸುತ್ತದೆ, ವಾಸನೆಗೂ ನೆನಪಿಗೂ ಸಂಬಂಧಪಟ್ಟ ಜಾಗಗಳು ಇಲ್ಲಿ ಅಕ್ಕಪಕ್ಕದಲ್ಲೇ ಇವೆ ಎಂದರು. ಮತ್ತೆ ಮತ್ತೆ ಫಿಟ್ಸ್ ಬಂದಂತೆ ಈ ದಾರಿ ಸವೆದು ಅಗಲವಾಗಿರಬಹುದು ಎಂಬುದು ಅವರ ಊಹೆ. ರೊಸಿತ್ಸಾಳಿಗೆ ಊರಿನ ಜೋಳದ ಹೊಲದ ನಡುವಿನ ಕಾಲುದಾರಿ ನೆನಪಾಯಿತು. ಅದನ್ನು ಯಾರೂ ಕಡಿದು ಮಾಡಿದ್ದಲ್ಲ. ಬಸ್ಸಿಗೆ ಅವಸರದಲ್ಲಿ ಹೋಗುವವರು ತುಳಿದು ತುಳಿದು ಆದದ್ದು.

ಫಿಟ್ಸ್ ಬರುವ ಮುಂಚೆ ಏನಾಗುತ್ತದೆ ಎಂದು ಡಾಕ್ಟರ್ ಎಷ್ಟು ಸಲ ಕೇಳಿದರೂ ನೆವೆನಾ ತುಟಿ ಬಿಚ್ಚಿರಲಿಲ್ಲ. ಗೊತ್ತಿಲ್ಲ ಎಂದಷ್ಟೇ ಹೇಳುತ್ತಿದ್ದಳು. ಹೊರಗಿನವರು ಕಂಡದ್ದು ಇಷ್ಟೇ: ಮಗು ಇದ್ದಕ್ಕಿದ್ದಂತೆ ಒಂದೆಡೆ ನೋಡುತ್ತ ನಿಂತುಬಿಡುತ್ತದೆ, ಮುಖದಲ್ಲಿ ನಗೆಯಂಥದ್ದು ಬರುತ್ತದೆ, ಆಮೇಲೆ ಬಾಯಿ ಚಪ್ಪರಿಸುತ್ತದೆ, ಕೈ ಬಟ್ಟೆಯನ್ನು ತಡಕುತ್ತದೆ, ಒಮ್ಮೊಮ್ಮೆ ಬೀಳುತ್ತದೆ.

ಮಂಗಳವಾರ ಮಧ್ಯಾಹ್ನ ಸೆಖೆಯೆಂದು ಯಾರೋ ವಾರ್ಡಿನ ಕಿಟಕಿ ತೆರೆದಿಟ್ಟರು. ಎದುರಿನ ಬಹುಮಹಡಿ ಕಟ್ಟಡದ ಬಾಲ್ಕನಿಯೊಂದರಲ್ಲಿ ಕೆಂಪು ಮೆಣಸಿನಕಾಯಿ ಸುಡುತ್ತಿದ್ದರು. ಸೆಪ್ಟೆಂಬರಿನಲ್ಲಿ ಇದು ಎಲ್ಲ ಕಡೆಯೂ ಇದ್ದದ್ದೇ. ಸೋಫಿಯಾದಂಥ ರಾಜಧಾನಿಯಲ್ಲೂ ಚಳಿಗಾಲಕ್ಕೆ ಜಾಡಿ ತುಂಬದ ಮನೆ ಕಡಿಮೆ. ಸಿಪ್ಪೆ ಕರಿಯಾದ ವಾಸನೆ, ಸಿಹಿಯಾಗಿ, ಸ್ವಲ್ಪ ಕಟುವಾಗಿ, ವಾರ್ಡಿನೊಳಗೆ ತುಂಬಿಕೊಂಡಿತು.

ನೆವೆನಾ ಚಟಕ್ಕನೆ ಎದ್ದು ಕೂತಳು. ಮಂಚದ ಅಂಚನ್ನು ಹಿಡಿದುಕೊಂಡು ಬಾಗಿಲನ್ನೇ ದಿಟ್ಟಿಸಿದಳು. ತುಟಿಯ ಮೇಲೆ ಆ ನಗೆ ಬಂದಿತ್ತು. ಬಂತು ಎಂದುಕೊಂಡು ರೊಸಿತ್ಸಾ ದಿಂಬನ್ನು ಸರಿಸಿ, ನರ್ಸನ್ನು ಕರೆದು, ಮಗಳ ಬೆನ್ನಿಗೆ ಕೈಯೊಡ್ಡಿ ನಿಂತಳು. ಆದರೆ ಬಾಯಿ ಚಪ್ಪರಿಸಲಿಲ್ಲ, ಕೈ ತಡಕಲಿಲ್ಲ. ಮಗುವಿಗೆ ಪೂರ್ತಿ ಎಚ್ಚರವಿತ್ತು. ಅದು ಕಾಯುತ್ತಿತ್ತು. ನಗೆ ಸ್ವಲ್ಪ ಸ್ವಲ್ಪವಾಗಿ ಇಳಿದುಹೋಗಿ ಕಣ್ಣು ತುಂಬಿಕೊಂಡಿತು.

"ಬರ್ಲಿಲ್ಲ," ಎಂದಳು ನೆವೆನಾ.

"ಯಾರು ಬರ್ಲಿಲ್ಲ ಪುಟ್ಟಿ?"

"ನೀನು."

"ನಾನು ಇಲ್ಲೇ ಇದೀನಲ್ಲೇ."

"ನೀನಲ್ಲ. ಬಾಗ್ಲ ಹತ್ರ ಬರ್ತೀಯಲ್ಲ, ಆ ನೀನು."

ಓಡಿ ಬಂದಿದ್ದ ನರ್ಸ್ ಇವರಿಬ್ಬರ ಮುಖ ನೋಡಿ ಹಿಂದಕ್ಕೆ ಹೋದಳು. ರೊಸಿತ್ಸಾ ಮಂಚದ ಮೇಲೆ ಕೂತಳು. ಮಗು ಮೊದಲು ತಡೆದು ತಡೆದು, ಆಮೇಲೆ ಯಾವುದನ್ನೂ ಬಚ್ಚಿಡದೆ ಹೇಳಿತು. ಮೊದಲು ಸುಟ್ಟ ಮೆಣಸಿನಕಾಯಿಯ ವಾಸನೆ ಬರುತ್ತದೆ, ಚಳಿಗಾಲದಲ್ಲೂ ಬರುತ್ತದೆ. ಆಮೇಲೆ ಹೊರಗಿನ ಕಲ್ಲಿನ ಮೆಟ್ಟಿಲ ಮೇಲೆ ಹೆಜ್ಜೆ. ಅಮ್ಮನದೇ, ಅಜ್ಜಿಯ ಹೆಜ್ಜೆ ಹಾಗಿಲ್ಲ. ಆಮೇಲೆ ಬಾಗಿಲಿನ ಕಬ್ಬಿಣದ ಚಿಲಕ ಎತ್ತುವ ಸದ್ದು. ಆಗ ಎದೆಯೊಳಗೆ ಎಷ್ಟು ಖುಷಿಯಾಗುತ್ತದೆಂದರೆ ಕೂಗಬೇಕು ಅನ್ನಿಸುತ್ತದೆ. ಅಷ್ಟೇ. ಮುಂದಿನದು ಗೊತ್ತಿಲ್ಲ. ಕಣ್ಣು ಬಿಟ್ಟರೆ ಅಜ್ಜಿ ಇರುತ್ತಾಳೆ, ಬಟ್ಟೆ ಒದ್ದೆಯಾಗಿರುತ್ತದೆ.

ಮಾತ್ರೆ ತಿಂದರೆ ಅದು ಬರುವುದಿಲ್ಲ ಎಂದು ಅವಳು ತಾನಾಗಿಯೇ ಕಂಡುಕೊಂಡಿದ್ದಳು. ಜಾಮನ್ನು ನುಂಗಿ ಮಾತ್ರೆಯನ್ನು ಕೆನ್ನೆಯಲ್ಲಿಟ್ಟುಕೊಳ್ಳುವುದು ಸುಲಭ. ದಿನಾ ಅಲ್ಲ, ಅಜ್ಜಿ ಹೆದರುತ್ತಾಳೆಂದು ಕೆಲವು ದಿನ ತಿನ್ನುತ್ತಿದ್ದಳು. ಭಾನುವಾರ ಫೋನ್ ಇಟ್ಟ ಮೇಲೆ ಮಾತ್ರ ತಿನ್ನುತ್ತಲೇ ಇರಲಿಲ್ಲ.

"ತಿನ್ನದೇ ಇದ್ದ ಮಾತ್ರೆ ಏನ್ಮಾಡ್ತಿದ್ದೆ?"

"ಕೋಳಿಗೆ ಹಾಕ್ತಿದ್ದೆ."

ರೊಸಿತ್ಸಾಳಿಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಹಗಲೆಲ್ಲ ತೂಕಡಿಸಿದ ಆ ಕೋಳಿಗಳು, ಸುಳ್ಳು ಹೇಳಿದಳೆಂದು ಎಲ್ಲರೆದುರು ಅನ್ನಿಸಿಕೊಂಡು ರೈಲು ಹತ್ತಿದ ಆ ಮುದುಕಿ. ಮಗಳನ್ನು ಅವುಚಿಕೊಂಡು ನಾನು ಬಂದಿದ್ದೀನಲ್ಲ, ಇನ್ನು ಬಾಗಿಲ ಹತ್ತಿರ ಬರುವ ಅವಳು ಯಾಕೆ ಬೇಕು ಎಂದು ಕೇಳಿದಳು. ಕೇಳಬಾರದಿತ್ತು ಎಂದು ಕೇಳಿದ ಮೇಲೆ ಗೊತ್ತಾಯಿತು.

"ನೀನು ಗುರುವಾರ ಹೋಗ್ತೀಯ," ಎಂದಳು ನೆವೆನಾ. "ಅವಳು ನಾನು ಕರ್ದಾಗ ಬರ್ತಾಳೆ."

ಡಾಕ್ಟರ್ ಮಿಲೆವಾ ಇದನ್ನೆಲ್ಲ ಕೇಳಿ ಬೈಯಲಿಲ್ಲ. ಊರಿನ ಕೋಳಿಗಳಿಗೆ ಇನ್ನು ಮುಂದೆ ಫಿಟ್ಸ್ ಬರುವ ಭಯವಿಲ್ಲ ಎಂದು ನಕ್ಕರು, ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ತಲೆ ತೆರೆಯುವ ಮಾತು ಸದ್ಯಕ್ಕೆ ಬೇಡ, ಔಷಧ ಸೋತಿದೆ ಎಂದು ಈಗ ಹೇಳುವಂತಿಲ್ಲ, ಮಾತ್ರೆ ಸರಿಯಾಗಿ ತಿಂದು ಚಳಿಗಾಲ ಕಳೆಯಲಿ ಎಂದರು. ನೆವೆನಾಳನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು ಅವಳ ತಲೆಯ ಚಿತ್ರವನ್ನು ಅವಳಿಗೇ ತೋರಿಸಿದರು. ವಾಸನೆ ಇಲ್ಲಿ, ಹೆಜ್ಜೆ ಸದ್ದು ಇಲ್ಲಿ, ನೆನಪು ಇಲ್ಲಿ. ಇವೆಲ್ಲ ಒಟ್ಟಿಗೆ ಕೈಹಿಡಿದುಕೊಂಡಾಗ ಅಮ್ಮ ಬಂದ ಹಾಗಾಗುತ್ತದೆ ಎಂದು ಬೆರಳಿಟ್ಟು ಹೇಳಿದರು. ನೆವೆನಾ ಆ ದಪ್ಪ ಗೆರೆಗಳನ್ನು ಬಹಳ ಹೊತ್ತು ನೋಡಿದಳು.

"ಬಾಗ್ಲು ಯಾಕೆ ತೆರೆಯಲ್ಲ?"

"ಅಷ್ಟ್ ಹೊತ್ತಿಗೆ ನಿಂಗೆ ಎಚ್ಚರ ತಪ್ಪುತ್ತಲ್ಲಮ್ಮ," ಎಂದರು ಡಾಕ್ಟರ್. ಅದು ಸರಿಯಾದ ಉತ್ತರವೇ ಆಗಿತ್ತು. ಮಗುವಿಗೆ ಸಾಲಲಿಲ್ಲ.

ಬುಧವಾರ ಊರಿಗೆ ಬಂದಿಳಿದಾಗ ಬೀದಿಯುದ್ದಕ್ಕೂ ಹೊಗೆಯಿತ್ತು. ಪ್ರತಿ ಅಂಗಳದಲ್ಲೂ ತಗಡಿನ ಹಾಳೆಯ ಕೆಳಗೆ ಬೆಂಕಿ, ಹಾಳೆಯ ಮೇಲೆ ಮೆಣಸಿನಕಾಯಿ. ಪೇನಾ ತನ್ನ ಅಂಗಳದಲ್ಲಿ ಒಬ್ಬಳೇ ಮೂಟೆ ಬಿಚ್ಚುತ್ತಿದ್ದಳು. ಮೊಮ್ಮಗಳನ್ನು ಅಪ್ಪಿಕೊಂಡಳು, ಮಗಳನ್ನು ಕಾಣದವಳ ಹಾಗೆ ನಡೆದುಕೊಂಡಳು. ಸಂಜೆಯವರೆಗೂ ರೊಸಿತ್ಸಾಳಿಗೆ ಹೇಳಬೇಕಾದದ್ದನ್ನೆಲ್ಲ ಮಗುವಿನ ಕೈಲಿ ಇಲ್ಲವೇ ಕೋಳಿಗಳ ಮುಖಾಂತರ ಹೇಳಿದಳು. ಇಟಲಿಯವರಿಗೆ ನಮ್ಮ ಬೀನ್ಸ್ ಸೂಪು ಸೇರುತ್ತದೋ ಇಲ್ಲವೋ ಎಂದು ಹುಂಜವನ್ನು ಕೇಳಿದಳು. ರೊಸಿತ್ಸಾ ಎರಡು ತಟ್ಟೆ ಸೂಪು ಕುಡಿದು ಉತ್ತರ ಕೊಟ್ಟಳು. ಮಲಗುವ ಮುಂಚೆ ನೆವೆನಾ ತಾನೇ ಅಜ್ಜಿಯ ಎದುರು ನಿಂತು ಮಾತ್ರೆಯ ಕಥೆ ಒಪ್ಪಿಸಿ, ನಾಲಿಗೆ ಎತ್ತಿ ತೋರಿಸಿ, ಅವತ್ತಿನದನ್ನು ನುಂಗಿದಳು. ಮುದುಕಿ ಅವಳ ಬಾಯಿಗೆ ಇನ್ನೊಂದು ಚಮಚ ಜಾಮ್ ಹಾಕಿದಳು.

ಗುರುವಾರ ಬೆಳಿಗ್ಗೆ ರೊಸಿತ್ಸಾ ಕೇಳದೆಯೇ ಬೆಂಕಿಯ ಆಚೆ ಬದಿ ಮಣೆ ಹಾಕಿಕೊಂಡು ಕೂತಳು. ಮೆಣಸಿನಕಾಯಿ ಮಗುಚುವುದು, ಸಿಪ್ಪೆ ಉಬ್ಬಿ ಕರಿಯಾದದ್ದನ್ನು ಪಾತ್ರೆಗೆ ಹಾಕಿ ಮುಚ್ಚುವುದು, ಬೆವೆತದ್ದನ್ನು ತೆಗೆದು ಸುಲಿಯುವುದು. ಬೆರಳು ಸುಡುತ್ತದೆ, ಬೇರೆ ದಾರಿಯಿಲ್ಲ. ಮೊದಲನೇ ಮೂಟೆ ಮುಗಿಯಿತು. ಎರಡನೇ ಮೂಟೆಗೆ ಕೈ ಹಾಕಿದಾಗ ಪೇನಾ ಬೆಂಕಿಯನ್ನೇ ನೋಡುತ್ತ ಬಾಯಿ ಬಿಟ್ಟಳು.

"ಮಗೂಗೆ ಸೀಸ ಹುಯ್ದಾಗ ಮೊದಲ್ನೇ ಸಲ ಏನ್ ಬಂತು ಗೊತ್ತಾ? ಬಸ್ಸು. ಹುಯ್ದೋಳು ಹಾಗಂದ್ಲು. ನಾನೂ ನೋಡ್ದೆ, ಬಸ್ಸಿನ ಹಾಗೇ ಇತ್ತು. ನಿಂಗೆ ಹೇಳ್ಲಿಲ್ಲ."

"ಯಾಕೆ ಹೇಳ್ಲಿಲ್ಲ ಅಮ್ಮ?"

"ಹೇಳಿದ್ರೆ ಅಲ್ಲಿ ಆ ಮುದುಕೀನ ಎತ್ತಿ ಕೂರಿಸೋಕೆ ನಿನ್ ಕೈ ಏಳ್ತಿತ್ತಾ?"

ರೊಸಿತ್ಸಾ ಸುಲಿದ ಮೆಣಸಿನಕಾಯಿಯೊಂದನ್ನು ತಾಯಿಯ ತಟ್ಟೆಯಲ್ಲಿಟ್ಟಳು. ಡಾಕ್ಟರ ಮುಂದೆ ಆಡಿದ ಮಾತಿಗೆ ಕ್ಷಮಿಸು ಎಂದು ಹೇಳಿದಳು. ಪೇನಾ ಆ ಮೆಣಸಿನಕಾಯಿಗೆ ಉಪ್ಪು ಹಚ್ಚಿ ತಿಂದಳು. ತಿಂದದ್ದೇ ದೊಡ್ಡದು.

ಪ್ಲೊವ್ದಿವ್‌ನಿಂದ ಇಟಲಿಗೆ ಹೊರಡುವ ಬಸ್ಸು ಮಧ್ಯಾಹ್ನದ್ದು. ಚೀಲ ಕಟ್ಟಿ ಹೊರಡಬೇಕಾದ ಹೊತ್ತಿಗೆ ರೊಸಿತ್ಸಾ ಮಸಿ ಮೆತ್ತಿದ ಬೆರಳಿನಲ್ಲೇ ಗಿಂಕಾಳಿಗೆ ಫೋನ್ ಮಾಡಿದಳು. ನೀನೇ ಇರು ಎಂದಳು. ಮುದುಕಿ ಸಿನ್ಯೋರಾ ಅದೆಲೆಗೆ ಎಡಗಡೆ ತಿರುಗಿಸಿ ಮಲಗಿಸಿದರೆ ನೋವು, ಕಾಫಿಗೆ ಸಕ್ಕರೆ ಹಾಕಿಯೂ ಹಾಕಿಲ್ಲ ಎಂದು ಸುಳ್ಳು ಹೇಳಬೇಕು, ಮಗ ಬರುವ ದಿನ ತಲೆ ಬಾಚಬೇಕು ಎಂದು ಒಂದೊಂದಾಗಿ ಹೇಳಿಕೊಟ್ಟಳು. ಗಿಂಕಾ ಎಷ್ಟು ದಿನ ಎಂದು ಕೇಳಿದಳು. ಚಳಿಗಾಲ ಕಳೆಯಲಿ ಎಂದು ಹೇಳಲು ಹೋದವಳು ಹಾಗೆ ಹೇಳದೆ, ಕೆಲಸ ಇನ್ನು ನಿನ್ನದೇ ಎಂದುಬಿಟ್ಟಳು. ಆ ಮುದುಕಿಯ ತೆಳ್ಳಗಿನ ಬೆಚ್ಚಗಿನ ಅಂಗೈ ನೆನಪಾಗಿ ಅವಳಿಗೂ ಒಂದು ಬಗೆಯ ಹಂಬಲವಾಯಿತು. ನಾಲ್ಕು ವರ್ಷ ಕಡಿಮೆಯಲ್ಲ. ಇಲ್ಲಿ ಹೊಟ್ಟೆಪಾಡಿಗೆ ಏನು ಮಾಡುತ್ತೀಯ ಎಂದು ಪೇನಾ ಕೇಳಲಿಲ್ಲ. ಬೆಂಕಿಗೆ ಇನ್ನೊಂದು ಕೊಳ್ಳಿ ತಳ್ಳಿದಳು.

ನೆವೆನಾಳಿಗೆ ಇದನ್ನು ಹೇಳಬೇಕೆಂದು ರೊಸಿತ್ಸಾ ಎದ್ದಳು. ಬೆಳಗಿನಿಂದ ಮಗು ಹೊರಗೆ ಬಂದಿರಲಿಲ್ಲ. ತಾಯಿ ಹೋಗುವ ದಿನ ಒಳಗೇ ಕೂರುವುದು ಅವಳ ಪದ್ಧತಿ. ಪ್ರತಿ ಬೇಸಿಗೆಯೂ ಹಾಗೇ ಆಗುತ್ತಿತ್ತು, ಕೊನೆಯ ಮುತ್ತನ್ನು ಗೋಡೆಗೆ ತಿರುಗಿದ ಕೆನ್ನೆಗೇ ಕೊಟ್ಟು ಹೋಗಬೇಕಾಗುತ್ತಿತ್ತು. ಕಿಟಕಿಯ ಹತ್ತಿರ ಬಂದಾಗ ರೊಸಿತ್ಸಾ ನಿಂತಳು. ಒಳಗೆ ಮಗಳು ಮಂಚದ ಅಂಚಿನಲ್ಲಿ ಕೂತಿದ್ದಳು. ಈ ಸಲ ಮುಖ ಗೋಡೆಗಲ್ಲ, ಬಾಗಿಲಿಗೆ ತಿರುಗಿತ್ತು. ಅಂಗಳದ ಹೊಗೆ, ಕರಿಯಾದ ಸಿಪ್ಪೆಯ ವಾಸನೆ ಕಿಟಕಿಯಿಂದ ಒಳಗೆ ಹೋಗುತ್ತಿತ್ತು. ಅವಳು ಅದನ್ನು ಮೂಗರಳಿಸಿ ಎಳೆದುಕೊಳ್ಳುತ್ತಿದ್ದಳು. ಬೆಳಗಿನ ಮಾತ್ರೆ ಹೊಟ್ಟೆಯಲ್ಲಿತ್ತು. ಬರುವುದಿಲ್ಲ ಎಂದು ಗೊತ್ತಿದ್ದೂ ಕೂತಿದ್ದಳು.

ಕಿಟಕಿಯಿಂದಲೇ ಕರೆಯಬಹುದಿತ್ತು. ರೊಸಿತ್ಸಾ ಕರೆಯಲಿಲ್ಲ. ಕೈ ತೊಳೆಯಲು ನಲ್ಲಿಯ ಕಡೆ ಹೊರಟವಳು ತೊಳೆಯದೆ ತಿರುಗಿದಳು. ಮನೆಯನ್ನು ಬಳಸಿಕೊಂಡು ಮುಂಬಾಗಿಲಿಗೆ ಬಂದು ಕಲ್ಲಿನ ಮೆಟ್ಟಿಲ ಮೇಲೆ ಒಂದೊಂದಾಗಿ ಕಾಲಿಟ್ಟಳು, ಸದ್ದಾಗುವ ಹಾಗೆ. ಚಿಲಕಕ್ಕೆ ಕೈ ಹಾಕಿದಳು. ಅದು ಹಳೆಯ ಕಬ್ಬಿಣದ ಚಿಲಕ, ಎತ್ತಿದರೆ ಟಕ್ ಎನ್ನುತ್ತದೆ. ಎತ್ತಿದಳು. ಮಗಳಿಗೆ ಗೊತ್ತಿದ್ದದ್ದು ಇಲ್ಲಿಯವರೆಗೆ ಮಾತ್ರ ಎಂದು ನೆನಪಾಯಿತು. ಒಳಗೆ ಉಸಿರಿನ ಸದ್ದೂ ಇರಲಿಲ್ಲ.

ಅವಳು ಬಾಗಿಲನ್ನು ತಳ್ಳಿದಳು.

ನೆವೆನಾ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ತಲೆಯಲ್ಲಿ ಬೂದಿ, ಅಜ್ಜಿಯ ಹಳೆಯ ಏಪ್ರನ್, ಮೊಣಕೈಯವರೆಗೆ ಮಸಿ. ನೋಡಿ ಮುಗಿಯಲು ಬಹಳ ಹೊತ್ತು ಹಿಡಿಯಿತು.

"ಕೈ ತೊಳ್ಕೊಂಡಿಲ್ಲ ನೀನು," ಎಂದಳು.

"ಇಲ್ಲ."

"ಬಸ್ಸು?"

"ಹೋಯ್ತು."

ಅಂಗಳದಿಂದ ಪೇನಾ ಹೊಗೆಯೆಲ್ಲ ಮನೆಯೊಳಗೆ ಹೋಗುತ್ತಿದೆ, ಆ ಬಾಗಿಲು ಹಾಕಿಕೊಳ್ಳಿ ಎಂದು ಕೂಗಿದಳು. ನೆವೆನಾ ಮಂಚದಿಂದ ಇಳಿದು ಬಂದು ತಾಯಿಯ ಪಕ್ಕದಿಂದ ಹಾದು ಅವಳ ಬೆನ್ನ ಹಿಂದೆ ಹೋದಳು. ಬಾಗಿಲನ್ನು ಎರಡೂ ಕೈಯಿಂದ ದೂಡಿ ಮುಚ್ಚಿ, ಚಿಲಕ ಇಳಿಸಿ, ಸರಿಯಾಗಿ ಬಿದ್ದಿದೆಯೇ ಎಂದು ಒಮ್ಮೆ ಎಳೆದು ನೋಡಿದಳು.